ಹದಿನೆಂಟು ಓಮ್

ಬಂದ್ಯೋಡಿನಲ್ಲಿ ಹಿಟ್ಟಿನ ಮಿಲ್ಲು ಹಾಕಲು ಹೊರಟ ಖತೀಜಮ್ಮ
ಮೊದಲು ಕೇಳಿದ್ದೇ ಇದು:
"ಒಂದು ಮೋಟಾರು ತಿರುಗಿಸಲಿಕ್ಕೆ ನಾಲ್ಕು ಜನ
ಎಂತಕ್ಕೆ ಮಾರಾಯ್ತಿ? ಯಾರಿಗೆ ಎಷ್ಟು?"

ಹೇಳಿದೆ.
ಈ ಹುಡುಗ ಅಶ್ಫಾಕ್, ಹೆಲ್ಪರ್.
ಗೋಡೆ ಕೊರೆಯುತ್ತಾನೆ, ಪೈಪಿನೊಳಗೆ ವಯರು ಎಳೆಯುತ್ತಾನೆ,
ಕರೆಂಟು ಇರುವ ಯಾವುದನ್ನೂ ಮುಟ್ಟುವ ಹಾಗಿಲ್ಲ.
ದಿನಕ್ಕೆ ಏಳುನೂರು, ಮಧ್ಯಾಹ್ನದ ಊಟ ನಿಮ್ಮದು.
ಐತಪ್ಪಣ್ಣನಿಗೆ ವಯರ್‌ಮನ್ ಪರ್ಮಿಟ್ ಉಂಟು.
ಸ್ವಿಚ್ಚು, ಬೋರ್ಡು, ಸ್ಟಾರ್ಟರು, ಅರ್ತು,
ಎಲ್ಲ ಅವರ ಕೈ. ಸಾವಿರದ ಇನ್ನೂರು,
ಪಾಯಿಂಟ್ ಲೆಕ್ಕವಾದರೆ ಬೇರೆ ಮಾತು.
ನನ್ನದು ಸೂಪರ್‌ವೈಸರ್ ಪರ್ಮಿಟ್:
ನೋಡುವುದು, ಅಳೆಯುವುದು,
ಸರಿ ಉಂಟು ಎಂದು ಬರೆದು ಸಹಿ ಹಾಕುವುದು. ಮೂರು ಸಾವಿರ.
ಕುಂಬಳೆಯ ಕಾಂಟ್ರಾಕ್ಟರರ ಲೈಸನ್ಸು, ಮೊಹರು.
ಅವರು ಈ ಕಡೆಗೆ ಬರುವುದಿಲ್ಲ. ಅವರಿಗೆ ಐದು.
ಕಂಬದಿಂದ ಮೀಟರಿನವರೆಗೆ ಬೋರ್ಡಿನದು,
ಆ ಸೀಲನ್ನು ನಾವು ನಾಲ್ವರೂ ಮುಟ್ಟುವಂತಿಲ್ಲ.

ಖತೀಜಮ್ಮ ಬೆರಳು ಮಡಚಿ ನೋಡಿದರು.
"ಬೆವರು ಕಮ್ಮಿ ಆದ ಹಾಗೆ ದುಡ್ಡು ಜಾಸ್ತಿ!"
ಐತಪ್ಪಣ್ಣ ನಕ್ಕರು. ನಾನೂ ನಗಬೇಕಾಯಿತು.

ಇಕ್ಕುಳ ಹಿಡಿಯಲು ನನಗೆ ಕಲಿಸಿದ್ದು ಅವರು.
"ಜೆಸಿಂತಾ, ಬಲಗೈ ಕೆಲಸಕ್ಕೆ, ಎಡಗೈ ಜೇಬಿಗೆ.
ಎರಡೂ ಕೈ ಕೊಟ್ಟರೆ ಕರೆಂಟು ಎದೆಯ ದಾರಿ ಹಿಡಿಯುತ್ತದೆ."
ಚೂಡಿದಾರಕ್ಕೆ ನಾನು ಜೇಬು ಹೊಲಿಸಿಕೊಂಡದ್ದು ಅದಕ್ಕೇ.
ಐದು ಭಾಷೆಯಲ್ಲಿ ಕೂಲಿ ಕೇಳಬಲ್ಲರು,
ಓದಲು ಬರುವುದು ಕನ್ನಡ ಒಂದೇ.
ಸೂಪರ್‌ವೈಸರ್ ಪರೀಕ್ಷೆಗೆ ಎರಡು ಸಲ ಕೂತು
ಎರಡು ಸಲವೂ ನಂಬರು ಮಾತ್ರ ಬರೆದು
ಎದ್ದು ಬಂದು, ಉಪ್ಪಳದಲ್ಲಿ ಸೋಡಾ ಕುಡಿದು
ಮರುದಿನ ಯಾರದೋ ಅಟ್ಟ ಹತ್ತಿದವರು.

ಮಾರ್ಚ್ ತಿಂಗಳು. ಮುರಕಲ್ಲು ಕಾದು
ಹೆಂಚಿನ ಹಾಗೆ ಸದ್ದು ಮಾಡುವ ಮಧ್ಯಾಹ್ನ.
ಎರಡು ಗೂಟ ಹೊಡೆದು ಟೆಸ್ಟರಿನ ಹಿಡಿ ತಿರುಗಿಸಿದೆ.
ಮುಳ್ಳು ನಿಂತಿತು: ಹದಿನೆಂಟು ಓಮ್.
ಜಪದ ಓಂ ಅಲ್ಲ ಇದು, ಮಣ್ಣಿನ ಹಟ.
ತಪ್ಪಿದ ಕರೆಂಟಿಗೆ ಇಳಿದು ಹೋಗಲು
ಬಾಗಿಲು ತೆರೆಯೆನೆಂಬ ಹಟ.
ಮತ್ತೊಮ್ಮೆ ತಿರುಗಿಸಿದೆ. ಹದಿನೆಂಟೇ.

"ಇಪ್ಪತ್ತೈದು ವರ್ಷ ಹೀಗೇ ಹಾಕಿದ್ದು," ಎಂದರು ಐತಪ್ಪಣ್ಣ,
ನನಗಲ್ಲ, ಗೋಡೆಗೆ.
ಫೋನಿನಲ್ಲಿ ಕಾಂಟ್ರಾಕ್ಟರು: "ನಾಲ್ಕು ಅಂತ ಬರೆ,
ಮುಳ್ಳು ಯಾರಿಗೆ ಕಾಣುತ್ತದೆ?"
ಅಷ್ಟರಲ್ಲಿ ಖತೀಜಮ್ಮ ಅಕ್ಕಿ ತೊಳೆದ ಕೈಯಲ್ಲೇ ಬಂದು
ಮಿಲ್ಲಿನ ಕಬ್ಬಿಣದ ಬಾಯಿಯನ್ನು
ಕರುವಿನ ಮುಖದ ಹಾಗೆ ಸವರಿದರು.
ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಪೆನ್ನಿಗೆ ಮುಚ್ಚಳ ಹಾಕಿದೆ.
ಐತಪ್ಪಣ್ಣ ಟೆಸ್ಟರ್ ಎತ್ತಿಕೊಳ್ಳಲಿಲ್ಲ,
ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ಮರುದಿನ ನಾನು ಮುಟ್ಟುವಾಗ
ಮಿಲ್ಲಿನ ಹಿಂದೆ ಕೆಂಪು ಹುಡಿಯ ರಾಶಿ.
ಆಳೆತ್ತರದ ಗುಂಡಿಯಲ್ಲಿ ಅವರ ತಲೆ ಮಾತ್ರ ಕಾಣುತ್ತದೆ,
ಮೇಲಿನಿಂದ ಅಶ್ಫಾಕ್ ಕೊಡುತ್ತಿದ್ದಾನೆ
ಒಂದು ಬುಟ್ಟಿ ಇದ್ದಿಲು, ಒಂದು ಬುಟ್ಟಿ ಉಪ್ಪು,
ಹಬ್ಬದಡುಗೆಗೆ ಪದರ ಹಾಕಿದಂತೆ.
ಏಳು ಕೊಡ ನೀರು ಕುಡಿಯಿತು ನೆಲ.
"ಈಗ ತಿರುಗಿಸು."
ನಾಲ್ಕಕ್ಕೂ ಸ್ವಲ್ಪ ಕೆಳಗೆ.
"ಸರಿ ನೋಡು," ಎಂದರು. ನೋಡಿದೆ.

ಸಹಿ ಹಾಕಿದೆ. ಕಾಗದದಲ್ಲಿ
ನನ್ನ ಹೆಸರಿಗೆ ಜಾಗ ಉಂಟು, ಮೊಹರಿಗೆ ಉಂಟು,
ಗುಂಡಿ ತೋಡಿದವರಿಗೆ ಗೆರೆಯಿಲ್ಲ.
ಆ ದಿನದ ಕೂಲಿ ಅವರು ತೆಗೆದುಕೊಳ್ಳಲಿಲ್ಲ,
ಅಶ್ಫಾಕನ ಏಳುನೂರು ಮಾತ್ರ
ಎಣಿಸಿ, ಎಣಿಸಿ ಕೊಡಿಸಿದರು.

ವಾರ ಕಳೆದು ಬೋರ್ಡಿನವರು ಬಂದು ಹೋದ ಮೇಲೆ
ಮೇನ್ ಎತ್ತಲು ನನ್ನನ್ನೇ ಕರೆದರು.
ಬೆಲ್ಟು ನಡುಗಿತು, ತಿರುಗಿತು,
ಮೊದಲ ಹಿಟ್ಟು ಎಲ್ಲರ ಹುಬ್ಬಿನ ಮೇಲೆ.
ಆಗ ನೋಡಿಕೊಂಡೆ:
ನನ್ನ ಎಡಗೈ ಜೇಬಿನಲ್ಲಿತ್ತು.